ನೆಲದಡಿ ಸಾವಿರಾರು ಕೋಟಿ ಟನ್, ಯಾರ್ಡಿನಲ್ಲಿ ಎರಡು ದಿನದ ಕಲ್ಲಿದ್ದಲು

"ಆರ್‌ಟಿಪಿಎಸ್‌ನಲ್ಲಿ ಎರಡೇ ದಿನಕ್ಕಾಗುವಷ್ಟು ಕಲ್ಲಿದ್ದಲು." ಬೇಸಿಗೆ ಹತ್ತಿರವಾದಾಗ, ಇಲ್ಲವೇ ಮುಂಗಾರು ಕೈಕೊಟ್ಟ ವರ್ಷ, ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದ (ಆರ್‌ಟಿಪಿಎಸ್) ಬಗ್ಗೆ ಇಂಥದೊಂದು ತಲೆಬರಹ ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಳಪುಟದಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ಹೊಸ ದಾಖಲೆ ಬರೆದ ಸುದ್ದಿಯೂ ಇರುತ್ತದೆ. ಎರಡೂ ನಿಜ. 2024-25ರಲ್ಲಿ ಭಾರತದ ಗಣಿಗಳಿಂದ 100 ಕೋಟಿ ಟನ್‌ಗೂ ಹೆಚ್ಚು ಕಲ್ಲಿದ್ದಲು ಹೊರಬಂತು. ಆದರೂ ಗಣಿಯಿಂದ ದೂರದಲ್ಲಿರುವ ಸ್ಥಾವರಗಳು ಆಗಾಗ ಏದುಸಿರು ಬಿಡುತ್ತವೆ. ನಮ್ಮಲ್ಲಿ ಕಲ್ಲಿದ್ದಲಿನ ಕೊರತೆ ಎನ್ನುವುದು ಬಹುಮಟ್ಟಿಗೆ ನೆಲದಡಿಯ ಕೊರತೆಯಲ್ಲ. ರೇಕ್ (ಕಲ್ಲಿದ್ದಲು ಹೊರುವ ಗೂಡ್ಸ್ ರೈಲು), ಗುಣಮಟ್ಟ ಮತ್ತು ಹಣ, ಈ ಮೂರರಲ್ಲಿ ಒಂದು ತಪ್ಪಿದರೂ ಅದು ಕೊರತೆಯಾಗಿ ಕಾಣಿಸುತ್ತದೆ.

ಮೊದಲು ನೆಲದಡಿಯ ಲೆಕ್ಕ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ (ಜಿಎಸ್‌ಐ) ಸಿದ್ಧಪಡಿಸುವ ಪಟ್ಟಿಯ ಪ್ರಕಾರ 2023ರ ಏಪ್ರಿಲ್ 1ಕ್ಕೆ ದೇಶದಲ್ಲಿ 1,200 ಮೀಟರ್ ಆಳದವರೆಗೆ 37,821 ಕೋಟಿ ಟನ್ ಕಲ್ಲಿದ್ದಲು ಇತ್ತು. ವರ್ಷಕ್ಕೆ 100 ಕೋಟಿ ಟನ್ ತೆಗೆದರೂ 378 ವರ್ಷಕ್ಕೆ ಸಾಕು ಎಂದು ಭಾಗಾಕಾರ ಮಾಡಿ ಹೇಳುವವರಿದ್ದಾರೆ. ಈ ಭಾಗಾಕಾರಕ್ಕೆ ಅರ್ಥವಿಲ್ಲ. ಕೊಳವೆ ಕೊರೆದು ಖಚಿತಪಡಿಸಿಕೊಂಡ ಪ್ರಮಾಣ ಅದರಲ್ಲಿ ಸುಮಾರು 19,900 ಕೋಟಿ ಟನ್ ಮಾತ್ರ. ಉಳಿದದ್ದು ದೂರ ದೂರದ ಕೊಳವೆಗಳ ನಡುವೆ ಪದರ ಹೀಗೇ ಮುಂದುವರಿದಿರಬೇಕು ಎಂಬ ಅಂದಾಜು. ಖಚಿತವಾದ ಪಾಲಿನಲ್ಲೂ ಕಾಡಿನ ಕೆಳಗಿರುವುದು, ಊರಿನ ಕೆಳಗಿರುವುದು, ನದಿಪಾತ್ರದ ಕೆಳಗಿರುವುದು ಎಲ್ಲವೂ ಸೇರಿದೆ. ದೇಶದ ಉತ್ಪಾದನೆಯಲ್ಲಿ ಶೇ 90ಕ್ಕೂ ಹೆಚ್ಚು ತೆರೆದ ಗಣಿಗಳಿಂದ ಬರುತ್ತಿದೆ. ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಘನ ಮೀಟರ್ ಮೇಲ್ಮಣ್ಣು ತೆಗೆಯಬೇಕು ಎಂಬುದರ ಮೇಲೆ ಗಣಿ ಲಾಭದ್ದೋ ನಷ್ಟದ್ದೋ ಎಂದು ತೀರ್ಮಾನವಾಗುತ್ತದೆ. ಆಳಕ್ಕೆ ಇಳಿದಂತೆ ಆ ಲೆಕ್ಕ ಕೆಡುತ್ತದೆ. ಆದ್ದರಿಂದ ಪಟ್ಟಿಯಲ್ಲಿರುವುದು ಸಂಪನ್ಮೂಲ. ಅದರಲ್ಲಿ ತೆಗೆಯಲು ಸಾಧ್ಯವಿರುವ, ತೆಗೆದರೆ ಗಿಟ್ಟುವ ನಿಕ್ಷೇಪ ಎಷ್ಟೋ ಪಾಲು ಚಿಕ್ಕದು.

ಈ ಸಂಪನ್ಮೂಲದ ಮೂರನೇ ಎರಡು ಭಾಗಕ್ಕೂ ಹೆಚ್ಚು ಒಡಿಶಾ, ಜಾರ್ಖಂಡ್, ಛತ್ತೀಸ್‌ಗಢ ರಾಜ್ಯಗಳಲ್ಲೇ ಇದೆ. ಕರ್ನಾಟಕದ್ದು ಸೊನ್ನೆ. ಇಲ್ಲಿನ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅವು ರೂಪುಗೊಂಡಾಗ ಭೂಮಿಯ ಮೇಲೆ ಗಿಡಮರಗಳೇ ಇರಲಿಲ್ಲ. ಕಬ್ಬಿಣ, ಚಿನ್ನ ಕೊಟ್ಟ ನೆಲ ಕಲ್ಲಿದ್ದಲು ಕೊಡುವುದು ಸಾಧ್ಯವಿರಲಿಲ್ಲ. ನಮಗೆ ಹತ್ತಿರದ ದೊಡ್ಡ ಗಣಿಗಳು ತೆಲಂಗಾಣದ ಗೋದಾವರಿ ಕಣಿವೆಯ ಸಿಂಗರೇಣಿಯವು. ಅದು ಬಿಟ್ಟರೆ ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್, ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್. ರಾಜ್ಯದ ಕರ್ನಾಟಕ ವಿದ್ಯುತ್ ನಿಗಮಕ್ಕೆ (ಕೆಪಿಸಿ) ಸ್ವಂತದ್ದು ಎಂದು ಇರುವುದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಂಜ್ ಗಣಿ. 2014ರಲ್ಲಿ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆಯನ್ನು ಒಂದೇ ತೀರ್ಪಿನಲ್ಲಿ ರದ್ದು ಮಾಡಿದಾಗ ಅದೂ ಹೋಯಿತು. ಬಳಿಕ ಕೆಪಿಸಿಗೇ ಮರಳಿ ಹಂಚಿಕೆಯಾದರೂ ಮತ್ತೆ ಕಲ್ಲಿದ್ದಲು ಹೊರಬರಲು ವರ್ಷಗಳೇ ಹಿಡಿದವು. ಕಾಗದದ ಮೇಲೆ ಬ್ಲಾಕ್ ಸಿಗುವುದಕ್ಕೂ ಗಣಿಯಿಂದ ಮೊದಲ ರೇಕ್ ಹೊರಡುವುದಕ್ಕೂ ನಡುವೆ ಭೂಸ್ವಾಧೀನ, ಪುನರ್ವಸತಿ, ಅರಣ್ಯ ಅನುಮತಿ, ಗುತ್ತಿಗೆ, ಗಣಿಯ ತನಕದ ರೈಲು ಹಳಿ (ಸೈಡಿಂಗ್) ಎಲ್ಲವೂ ಇವೆ.

ದಿನಕ್ಕೆ ಎಷ್ಟು ರೈಲು?

ರಾಯಚೂರಿನ ಶಕ್ತಿನಗರದ ಸ್ಥಾವರವನ್ನೇ ತೆಗೆದುಕೊಳ್ಳೋಣ. 210 ಮೆಗಾವಾಟ್‌ನ ಏಳು ಘಟಕ, 250ರ ಒಂದು, ಒಟ್ಟು 1,720 ಮೆಗಾವಾಟ್. ಎಲ್ಲವೂ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಗಂಟೆಗೆ 17.2 ಲಕ್ಷ ಯೂನಿಟ್, ದಿನಕ್ಕೆ 4.13 ಕೋಟಿ ಯೂನಿಟ್. ಇಂಥ ಹಳೆಯ ಘಟಕಗಳಿಗೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 2,450 ಕಿಲೋ ಕ್ಯಾಲರಿ ಶಾಖ ಬೇಕು ಎಂದಿಟ್ಟುಕೊಳ್ಳಿ. ಕೈಗೆ ಬರುವ ಕಲ್ಲಿದ್ದಲಿನಲ್ಲಿ ಕೆಜಿಗೆ 3,500 ಕಿಲೋ ಕ್ಯಾಲರಿ ಇದ್ದರೆ ಯೂನಿಟ್‌ಗೆ 700 ಗ್ರಾಂ, ಅಂದರೆ ದಿನಕ್ಕೆ ಸುಮಾರು 28,900 ಟನ್. ಒಂದು ರೇಕ್ ಎಂದರೆ 58 ವ್ಯಾಗನ್, ಹೆಚ್ಚುಕಡಿಮೆ 3,900 ಟನ್. ಹಾಗಾಗಿ ದಿನಕ್ಕೆ ಏಳಕ್ಕಿಂತ ಹೆಚ್ಚು ರೇಕ್, ಸರಿಸುಮಾರು ಮೂರೂಕಾಲು ಗಂಟೆಗೊಂದು ರೈಲು, ರಾತ್ರಿ ಹಗಲೆನ್ನದೆ ಬರಬೇಕು. ಬಳ್ಳಾರಿಯ ಕುಡಿತಿನಿಯ 1,700 ಮೆಗಾವಾಟ್, ಯರಮರಸ್‌ನ 1,600 ಮೆಗಾವಾಟ್, ಕೂಡಗಿಯ ಎನ್‌ಟಿಪಿಸಿಯ 2,400 ಮೆಗಾವಾಟ್‌ಗೂ ಇದೇ ರೀತಿಯ ಲೆಕ್ಕವಿದೆ. ಅಲ್ಲಿನ ದೊಡ್ಡ ಘಟಕಗಳಿಗೆ ಯೂನಿಟ್‌ಗೆ ಒಂದಿಷ್ಟು ಕಡಿಮೆ ಸಾಕು.

ಬಂದ ರೈಲನ್ನು ಖಾಲಿ ಮಾಡುವುದೂ ಸಣ್ಣ ಕೆಲಸವಲ್ಲ. ಅಡಿಯಲ್ಲಿ ಬಾಗಿಲಿರುವ ವ್ಯಾಗನ್ ಆದರೆ ಹಳಿಯ ಕೆಳಗಿನ ತೊಟ್ಟಿಯ (ಟ್ರ್ಯಾಕ್ ಹಾಪರ್) ಮೇಲೆ ನಿಂತಲ್ಲೇ ಸುರಿಯುತ್ತದೆ. ಪೆಟ್ಟಿಗೆಯಂಥ ಬಾಕ್ಸ್‌ಎನ್ ವ್ಯಾಗನ್ ಆದರೆ ಟಿಪ್ಲರ್ ಎಂಬ ಯಂತ್ರ ಒಂದೊಂದನ್ನೇ ಹಿಡಿದು ಮಗುಚಬೇಕು. ಮಳೆಗಾಲದಲ್ಲಿ ಒದ್ದೆ ಪುಡಿ ವ್ಯಾಗನ್ ತಳಕ್ಕೆ ಮೆತ್ತಿಕೊಳ್ಳುತ್ತದೆ, ಆಳುಗಳು ಇಳಿದು ಕೆರೆದು ತೆಗೆಯಬೇಕಾಗುತ್ತದೆ. ರೈಲ್ವೆ ಕೊಟ್ಟ ಗಡುವು ಮೀರಿದರೆ ಡೆಮರೇಜ್ ಎಂಬ ದಂಡ. ಟಿಪ್ಲರ್ ಕೆಟ್ಟು ಹಿಂದೆ ಎರಡು ರೇಕ್ ನಿಂತರೆ, ಆ ಎರಡು ರೇಕ್ ಗಣಿಗೆ ತಡವಾಗಿ ಮರಳುತ್ತವೆ. ಮುಂದಿನ ವಾರದ ಕೊರತೆಯ ಬೀಜ ಅಲ್ಲಿ ಬಿದ್ದಿರುತ್ತದೆ.

ಕಲ್ಲಿದ್ದಲನ್ನು ಹೊತ್ತು ತರುವ ಬದಲು ಗಣಿಯ ಬಾಯಲ್ಲೇ ಸುಟ್ಟು ವಿದ್ಯುತ್ತನ್ನು ತಂತಿಯಲ್ಲಿ ತಂದರೆ? ಅದನ್ನೂ ಮಾಡುತ್ತಿದ್ದೇವೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಲ್ಲಿ ಶುರುವಾದ 500 ಕಿಲೋವೋಲ್ಟ್‌ನ ಡಿಸಿ (ಏಕಮುಖ ವಿದ್ಯುತ್) ಮಾರ್ಗ ಇದಕ್ಕಾಗಿಯೇ ಇದೆ. ಅದು 1,300 ಕಿಲೋಮೀಟರ್‌ಗೂ ಉದ್ದ. ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೂದಿಯೇ ಇರುವಾಗ ಅದನ್ನು ಸಾವಿರ ಕಿಲೋಮೀಟರ್ ರೈಲಿನಲ್ಲಿ ಹೊರುವುದಕ್ಕಿಂತ ಇದು ಜಾಣತನದ ದಾರಿ. ಹಾಗಿದ್ದರೂ ರಾಜ್ಯಗಳು ತಮ್ಮ ಗಡಿಯೊಳಗೇ ಸ್ಥಾವರ ಬಯಸುತ್ತವೆ. ಅದಕ್ಕೆ ರಾಜಕೀಯ ಮಾತ್ರ ಕಾರಣವಲ್ಲ. ಬೇಡಿಕೆ ಇರುವಲ್ಲೇ ಒಂದಷ್ಟು ದೊಡ್ಡ ಟರ್ಬೈನ್‌ಗಳು ತಿರುಗುತ್ತಿದ್ದರೆ ಗ್ರಿಡ್‌ನ ವೋಲ್ಟೇಜ್ ಹಿಡಿತದಲ್ಲಿರುತ್ತದೆ.

ಗ್ರೇಡ್ ಎರಡು ಮೆಟ್ಟಿಲು ಇಳಿದರೆ ಒಂದು ರೇಕ್ ಮಾಯ

2012ರಿಂದ ನಮ್ಮ ಕಲ್ಲಿದ್ದಲನ್ನು ಜಿ1ರಿಂದ ಜಿ17ರವರೆಗೆ ಶಾಖಮೌಲ್ಯದ ಮೇಲೆ ವಿಂಗಡಿಸಿ ಬೆಲೆ ಕಟ್ಟುತ್ತಾರೆ. ಪ್ರತಿ ಮೆಟ್ಟಿಲಿಗೆ 300 ಕಿಲೋ ಕ್ಯಾಲರಿ ಅಂತರ. ಜಿ11 ಅಂದರೆ 4,000ದಿಂದ 4,300. ಜಿ13 ಅಂದರೆ 3,400ರಿಂದ 3,700. ಈಗ ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ ನೋಡಿ. 4,100ರ ಕಲ್ಲಿದ್ದಲು ಬಂದಿದ್ದರೆ ಯೂನಿಟ್‌ಗೆ 598 ಗ್ರಾಂ ಸಾಕಿತ್ತು, ದಿನಕ್ಕೆ 24,700 ಟನ್. 3,500ರದ್ದು ಬಂದರೆ 28,900. ವ್ಯತ್ಯಾಸ 4,200 ಟನ್. ರೈಲುಗಳ ಸಂಖ್ಯೆಯಲ್ಲಿ ಏನೂ ಕಡಿಮೆಯಾಗದೆ, ಎರಡು ಗ್ರೇಡ್ ಇಳಿದದ್ದರಿಂದಲೇ ದಿನಕ್ಕೊಂದು ರೇಕ್ ಹೋಯಿತು. ಎಷ್ಟು ರೇಕ್ ಬಂತು ಎಂದಷ್ಟೇ ಎಣಿಸುವ ಸುದ್ದಿಗಳು ಇದನ್ನು ಹಿಡಿಯುವುದಿಲ್ಲ.

ಗಣಿಯಲ್ಲಿ ಜಿ11 ಎಂದು ಬಿಲ್ ಆದದ್ದು ಸ್ಥಾವರಕ್ಕೆ ಬರುವಾಗ ಇಳಿಯುವುದೇಕೆ? ಕಳ್ಳತನ, ಕಲ್ಲು ಬೆರಕೆ ಎಂಬ ಆರೋಪಗಳು ಬೇಗ ಬಾಯಿಗೆ ಬರುತ್ತವೆ. ಬೆರಕೆ ಇಲ್ಲವೆಂದಲ್ಲ. ಪದರದ ಜೊತೆಗೇ ಶೇಲ್, ಮರಳುಗಲ್ಲು ಬರುತ್ತದೆ, ಮಳೆಗಾಲದಲ್ಲಿ ಜೇಡಿ ಸೇರುತ್ತದೆ. ಆದರೆ ವ್ಯತ್ಯಾಸದ ಒಂದು ದೊಡ್ಡ ಪಾಲು ಅಳತೆಯ ವಿಧಾನದ್ದು. ಗಣಿಯಲ್ಲಿ ಗ್ರೇಡ್ ಕಟ್ಟುವುದು 40 ಡಿಗ್ರಿ ಸೆಲ್ಸಿಯಸ್, ಶೇ 60 ಆರ್ದ್ರತೆಯಲ್ಲಿ ಇಟ್ಟು ತೇವ ಸಮನಾಗಿಸಿದ ಮಾದರಿಯ ಮೇಲೆ. ಸ್ಥಾವರದ ಬಾಯ್ಲರ್ ಸುಡುವುದು ನೀರು ಸುರಿಯುತ್ತಿರುವ ನಿಜವಾದ ಕಲ್ಲಿದ್ದಲನ್ನು. ಪ್ರಯೋಗಾಲಯದ ತೇವ ಶೇ 6, ಬಂದ ರೇಕಿನ ಒಟ್ಟು ತೇವ ಶೇ 14 ಇದ್ದರೆ 4,100ನ್ನು 86ರಿಂದ ಗುಣಿಸಿ 94ರಿಂದ ಭಾಗಿಸಬೇಕು. ಸಿಗುವುದು 3,750. ಯಾರೂ ಏನನ್ನೂ ಕದಿಯದೆ ಒಂದು ಗ್ರೇಡ್ ಇಳಿಯಿತು. ಇದರ ಮೇಲೆ ಬೆರಕೆ ಸೇರಿದರೆ ಎರಡನೆಯದೂ ಹೋಗುತ್ತದೆ. ಲೋಡಿಂಗ್ ಜಾಗದಲ್ಲಿ ಮೂರನೆಯ ಸಂಸ್ಥೆಯಿಂದ ಮಾದರಿ ತೆಗೆಸುವ ವ್ಯವಸ್ಥೆ ಬಂದ ಮೇಲೆ ಜಗಳ ಕಡಿಮೆಯಾಗಿದೆ, ನಿಂತಿಲ್ಲ. ಒಂದು ರೇಕಿನಿಂದ ತೆಗೆದ ಮಾದರಿಯನ್ನು ಪುಡಿಮಾಡಿ, ಹಂತ ಹಂತವಾಗಿ ಭಾಗ ಮಾಡಿ, ಕೊನೆಗೆ ಸುಟ್ಟು ನೋಡುವುದು ಒಂದು ಗ್ರಾಂನಷ್ಟು ಪುಡಿಯನ್ನು. ಭಾಗ ಮಾಡುವಾಗ ಕೈ ತಪ್ಪಿದರೆ ಇಡೀ ರೈಲಿನ ಬೆಲೆ ತಪ್ಪುತ್ತದೆ.

ಯಾರ್ಡಿನಲ್ಲಿ ರಾಶಿ ಹಾಕಿದ ಕಲ್ಲಿದ್ದಲು ಗಾಳಿ ಸೋಕಿ ತಾನಾಗಿ ಬಿಸಿಯೇರುತ್ತದೆ, ಕೆಲವೊಮ್ಮೆ ಹೊಗೆಯಾಡುತ್ತದೆ. ರಾಶಿಯನ್ನು ಬುಲ್ಡೋಜರ್‌ನಿಂದ ಒತ್ತುವುದು, ಹಳೆಯದನ್ನು ಮೊದಲು ಬಳಸುವುದು ಇದಕ್ಕೇ. ಈ ನಷ್ಟಕ್ಕೆಂದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ತನ್ನ ದರ ನಿಯಮಗಳಲ್ಲಿ ಕೆಜಿಗೆ 85 ಕಿಲೋ ಕ್ಯಾಲರಿ ಬಿಟ್ಟುಕೊಡುತ್ತದೆ. ದಾರಿಯ ತೂಕ ನಷ್ಟಕ್ಕೆ ಗಣಿ ಬಾಯಿಯ ಸ್ಥಾವರಕ್ಕೆ ಶೇ 0.2, ದೂರದವಕ್ಕೆ ಶೇ 0.8. ಅದಕ್ಕಿಂತ ಹೆಚ್ಚು ಕಳೆದುಕೊಂಡರೆ ಉತ್ಪಾದಕರ ಕೈಯಿಂದ.

ಯಾವ ಘಟಕ ಮೊದಲು ಓಡಬೇಕು?

ಕಲ್ಲಿದ್ದಲು ವಿದ್ಯುತ್ತಿನ ಬಹುಪಾಲು ಮಾರುಕಟ್ಟೆಯಲ್ಲಿ ದಿನದಿನಕ್ಕೆ ಮಾರಾಟವಾಗುವುದಿಲ್ಲ. 25 ವರ್ಷದಂಥ ದೀರ್ಘ ಒಪ್ಪಂದಗಳಲ್ಲಿ ಎಸ್ಕಾಂಗಳಿಗೆ ಹೋಗುತ್ತದೆ. ಅದರ ದರಕ್ಕೆ ಎರಡು ಭಾಗ. ಸಾಲದ ಬಡ್ಡಿ, ಸವಕಳಿ, ಸಿಬ್ಬಂದಿ ಖರ್ಚು, ಲಾಭಾಂಶ ಸೇರಿದ ಸ್ಥಿರ ವೆಚ್ಚ ಒಂದು. ಸುಟ್ಟ ಕಲ್ಲಿದ್ದಲಿನ ಚರ ವೆಚ್ಚ ಇನ್ನೊಂದು. ಸ್ಥಿರ ವೆಚ್ಚವನ್ನು ವಿದ್ಯುತ್ ಪಡೆದರೂ ಪಡೆಯದಿದ್ದರೂ ಕೊಡಬೇಕು. ಒಂದೇ ಷರತ್ತು, ಘಟಕ ಸಿದ್ಧವಿದೆ ಎಂದು ಸ್ಥಾವರ ಘೋಷಿಸಿರಬೇಕು. ವರ್ಷಕ್ಕೆ ಸಾಮಾನ್ಯವಾಗಿ ಶೇ 85ರ ಲಭ್ಯತೆ ತೋರಿಸಿದರೆ ಪೂರ್ತಿ ಹಣ. ಕಲ್ಲಿದ್ದಲಿಲ್ಲದೆ ಘಟಕ ನಿಂತರೆ ಲಭ್ಯತೆ ಇಳಿದು ಸ್ಥಿರ ವೆಚ್ಚವೂ ಕೈತಪ್ಪುತ್ತದೆ.

ಯಾವ ಘಟಕ ಎಷ್ಟು ಓಡಬೇಕೆಂದು ನಿರ್ಧರಿಸುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ನೋಡುವುದು ಚರ ವೆಚ್ಚವನ್ನು ಮಾತ್ರ. ಅಗ್ಗದ್ದಕ್ಕೆ ಮೊದಲ ಸರದಿ. ಉದಾಹರಣೆಗೆ, ಸ್ಥಾವರದ ಬಾಗಿಲಿಗೆ ಬರುವಾಗ ಟನ್‌ಗೆ 6,000 ರೂಪಾಯಿ ಬೀಳುವ ಕಲ್ಲಿದ್ದಲು ಎಂದಿಟ್ಟುಕೊಳ್ಳಿ. 700 ಗ್ರಾಂಗೆ 4 ರೂಪಾಯಿ 20 ಪೈಸೆ. ಸ್ಥಾವರದ ಕಲ್ಲಿದ್ದಲು ಪುಡಿಮಾಡುವ ಮಿಲ್, ಫ್ಯಾನ್, ಪಂಪುಗಳೇ ಶೇ 8.5ರಷ್ಟು ವಿದ್ಯುತ್ ನುಂಗುವುದರಿಂದ ಹೊರಹೋಗುವ ಯೂನಿಟ್‌ಗೆ 4.59 ಆಗುತ್ತದೆ. ಅದೇ ಗುಣಮಟ್ಟದ ಕಲ್ಲಿದ್ದಲು ಗಣಿ ಬಾಯಲ್ಲಿ 2,500 ರೂಪಾಯಿಗೆ ಸಿಕ್ಕರೆ, ಇನ್ನೂ ದಕ್ಷವಾದ 500 ಮೆಗಾವಾಟ್ ಘಟಕದಲ್ಲಿ ಯೂನಿಟ್‌ಗೆ ಸುಮಾರು 1.80. ಎರಡೂ ನಮ್ಮ ಪಟ್ಟಿಯಲ್ಲಿದ್ದರೆ ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ತುಂಬ ಓಡಿಸುತ್ತಾರೆ. ರಾಜ್ಯದ ಸ್ಥಾವರ ಮಳೆಗಾಲದಲ್ಲಿ ನಿಂತಿದ್ದರೆ ಅದೆಲ್ಲ ಅಸಡ್ಡೆಯಲ್ಲ. ಶರಾವತಿಯ ನೀರು, ಜೂನ್‌ನಿಂದ ಬೀಸುವ ಗಾಳಿ, ದೂರದ ಅಗ್ಗದ ವಿದ್ಯುತ್ ಇರುವಾಗ ದುಬಾರಿ ಕಲ್ಲಿದ್ದಲು ಸುಡುವುದೇ ತಪ್ಪು.

ತೆರಿಗೆಯೂ ಈ ಸರದಿಯನ್ನು ಅಲುಗಾಡಿಸುತ್ತದೆ. 2010ರಲ್ಲಿ ಟನ್‌ಗೆ 50 ರೂಪಾಯಿ ಎಂದು ಶುರುವಾದ ಸೆಸ್ 2016ಕ್ಕೆ 400 ಆಯಿತು. ಗ್ರೇಡ್ ಯಾವುದಿದ್ದರೂ ಅಷ್ಟೇ. ಬೂದಿಗೂ ಸೆಸ್ ಕಟ್ಟಿದಂತೆ! 2025ರ ಸೆಪ್ಟೆಂಬರ್ 22ರಿಂದ ಆ ಸೆಸ್ ಹೋಗಿ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ದರ ಏರಿದ್ದು ಕೇಳಿ ಗಾಬರಿಯಾದವರಿದ್ದಾರೆ. ಆದರೆ ಮೂಲಬೆಲೆ ಕಡಿಮೆ ಇರುವ ಕಲ್ಲಿದ್ದಲಿಗೆ ಹೆಚ್ಚುವರಿ ಶೇ 13 ಎಂದರೆ 400 ರೂಪಾಯಿಗಿಂತ ಕಡಿಮೆಯೇ. 1,500 ರೂಪಾಯಿಯ ಮೇಲೆ ಅದು 195. ತಗ್ಗು ಗ್ರೇಡ್ ಬಳಸುವ ಸ್ಥಾವರಗಳಿಗೆ ಹೊರೆ ಇಳಿಯಿತು.

ಒಪ್ಪಂದದ ವಿದ್ಯುತ್ ಸಾಲದಾದಾಗ ವಿದ್ಯುತ್ ಕೊಳ್ಳುವ-ಮಾರುವ ವಿನಿಮಯ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ದಿನವನ್ನು 15 ನಿಮಿಷದ 96 ತುಂಡು ಮಾಡಿ ಹರಾಜು ನಡೆಯುತ್ತದೆ, ಬೆಲೆಗೆ ಯೂನಿಟ್‌ಗೆ 10 ರೂಪಾಯಿಯ ಮಿತಿ ಹಾಕಲಾಗಿದೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ, ಪಂಪ್‌ಸೆಟ್‌ಗಳ ಬೇಡಿಕೆ ಅಕಾಲದಲ್ಲಿ ಏರಿದಾಗ ಕರ್ನಾಟಕ ಸರ್ಕಾರ ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಬೇಕಾಯಿತು. ರಾಜ್ಯದೊಳಗಿನ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಲಿ ಎಂಬ ಆದೇಶ ಅದು.

2021ರ ಅಕ್ಟೋಬರ್ ಕಲಿಸಿದ್ದು

ದೇಶಮಟ್ಟದಲ್ಲಿ ಈ ಎಲ್ಲ ಕೊಂಡಿಗಳು ಒಟ್ಟಿಗೆ ಕಳಚಿದ್ದು 2021ರ ಅಕ್ಟೋಬರ್‌ನಲ್ಲಿ. ಕೋವಿಡ್ ನಂತರ ಬೇಡಿಕೆ ಜಿಗಿಯಿತು. ಮಳೆ ತಡವಾಗಿ, ಜೋರಾಗಿ ಬಂದು ತೆರೆದ ಗಣಿಗಳಲ್ಲಿ ನೀರು ನಿಂತಿತು. ವಿದೇಶಿ ಕಲ್ಲಿದ್ದಲಿನ ಬೆಲೆ ಏರಿ, ಅದನ್ನೇ ನಂಬಿದ ಕರಾವಳಿ ಸ್ಥಾವರಗಳು ಉತ್ಪಾದನೆ ತಗ್ಗಿಸಿದವು. ಆ ಹೊರೆ ದೇಶಿ ಕಲ್ಲಿದ್ದಲಿನ ಸ್ಥಾವರಗಳ ಮೇಲೆ ಬಿತ್ತು. ಬೇಸಿಗೆಯಲ್ಲಿ ದಾಸ್ತಾನು ಮಾಡಿಕೊಳ್ಳದವರು, ಗಣಿ ಕಂಪನಿಗಳಿಗೆ ಬಾಕಿ ಉಳಿಸಿಕೊಂಡವರು ಮೊದಲು ಸಿಕ್ಕಿಬಿದ್ದರು. ಸರಾಸರಿ ದಾಸ್ತಾನು ನಾಲ್ಕು ದಿನಕ್ಕೆ ಇಳಿಯಿತು. ಮರುವರ್ಷದ ಬೇಸಿಗೆಯಲ್ಲೂ ತೊಂದರೆ ಮರುಕಳಿಸಿ, ಕಲ್ಲಿದ್ದಲು ರೇಕ್‌ಗಳಿಗೆ ಹಳಿ ಬಿಡಲು ಪ್ರಯಾಣಿಕ ರೈಲುಗಳನ್ನು ರದ್ದು ಮಾಡಿದರು. ಶೇ 10ರಷ್ಟು ವಿದೇಶಿ ಕಲ್ಲಿದ್ದಲು ಬೆರೆಸಿ ಎಂದು ಕೇಂದ್ರ ಹೇಳಿತು.

ಬೆರೆಸುವುದಕ್ಕೂ ಮಿತಿಯಿದೆ. ನಮ್ಮ ಬಾಯ್ಲರ್‌ಗಳನ್ನು ಬೂದಿ ಹೆಚ್ಚಿರುವ, ಬೇಗ ಹೊತ್ತಿಕೊಳ್ಳದ ಕಲ್ಲಿದ್ದಲಿಗೆಂದು ಕಟ್ಟಿದ್ದು. ಇಂಡೊನೇಷ್ಯಾದ್ದು ಬೂದಿ ಕಡಿಮೆ, ಆದರೆ ಅನಿಲಾಂಶ ಮತ್ತು ತೇವ ಹೆಚ್ಚು. ಮಿಲ್ಲಿನೊಳಗೇ ಬೆಂಕಿ ಹಿಡಿಯುವ ಅಪಾಯವಿರುವುದರಿಂದ ಮಿಲ್ ಹೊರಬಾಯಿಯ ಉಷ್ಣತೆಯನ್ನು ತಗ್ಗಿಸಿ ಓಡಿಸಬೇಕು. ಶೇ 10-15 ದಾಟಿದರೆ ಕುಲುಮೆಯ ಶಾಖದ ಹಂಚಿಕೆಯೇ ಏರುಪೇರಾಗುತ್ತದೆ. ಉಡುಪಿಯ 1,200 ಮೆಗಾವಾಟ್ ಸ್ಥಾವರ ಮೊದಲಿನಿಂದಲೂ ವಿದೇಶಿ ಕಲ್ಲಿದ್ದಲಿಗೆಂದೇ ಕಟ್ಟಿದ್ದು. ಅದರ ಸಮಸ್ಯೆ ಬೇರೆ, ಇಂಡೊನೇಷ್ಯಾದ ಬೆಲೆ ಏರಿದ ದಿನ ಅದು ಸರದಿಯ ಕೊನೆಗೆ ಹೋಗುತ್ತದೆ.

ಕಲ್ಲಿದ್ದಲು ರಾಶಿ ಇದ್ದೂ ಘಟಕ ನಿಲ್ಲುವುದುಂಟು. ಕ್ರಷರ್‌ನಲ್ಲಿ 20 ಮಿಲಿಮೀಟರ್‌ಗಿಂತ ಸಣ್ಣದಾದ ಕಲ್ಲಿದ್ದಲು ಮಿಲ್ಲಿನಲ್ಲಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾಗಬೇಕು. ಅದರ ಶೇ 70 ಭಾಗ 75 ಮೈಕ್ರಾನ್ ಜರಡಿ ದಾಟಬೇಕು. ಒದ್ದೆಯಿದ್ದರೆ ಬಂಕರ್ ಎಂಬ ತೊಟ್ಟಿಯಲ್ಲಿ ಕಟ್ಟಿಕೊಳ್ಳುತ್ತದೆ, ಮಿಲ್ಲಿಗೆ ಕಲ್ಲಿದ್ದಲು ಉಣಿಸುವ ಫೀಡರ್ ಖಾಲಿ ತಿರುಗುತ್ತದೆ, ಜ್ವಾಲೆ ಆರದಂತೆ ದುಬಾರಿ ಎಣ್ಣೆ ಸುಡಬೇಕಾಗುತ್ತದೆ. ಬೂದಿಯಲ್ಲಿನ ಸಿಲಿಕಾ ಕಣಗಳು ಹರಿತವಾಗಿದ್ದು, ಹೊಗೆಯ ವೇಗದಲ್ಲಿ ಕೊಳವೆಗಳನ್ನು ಉಜ್ಜಿ ಸವೆಸುತ್ತವೆ. ಬಾಯ್ಲರಿಗೆ ಹೋಗುವ ನೀರನ್ನು ಹೊಗೆಯ ಶಾಖದಿಂದ ಬಿಸಿಮಾಡುವ ಎಕನಮೈಸರ್‌ನ ತಿರುವುಗಳಲ್ಲಿ ಒಂದು ಕೊಳವೆ ತೂತಾದರೆ ಹೊರಚಿಮ್ಮುವ ನೀರು-ಹಬೆ ಪಕ್ಕದ ಕೊಳವೆಯನ್ನೂ ಕೊರೆಯುತ್ತದೆ. "ಟ್ಯೂಬ್ ಲೀಕೇಜ್, ಘಟಕ ಬಂದ್" ಎಂಬ ಒಂದು ಸಾಲಿನ ಹಿಂದೆ ಬಾಯ್ಲರ್ ತಣಿಸಿ, ಒಳಗಿಳಿದು, ಕತ್ತರಿಸಿ, ವೆಲ್ಡ್ ಮಾಡಿ, ಒತ್ತಡ ಪರೀಕ್ಷಿಸಿ ಮತ್ತೆ ಹೊತ್ತಿಸುವ ಕೆಲವು ದಿನಗಳ ಕೆಲಸವಿದೆ. ಇನ್ನು ಬೂದಿ. ರಾಯಚೂರು ಪೂರ್ತಿ ಓಡಿದ ದಿನ ಶೇ 35ರ ಲೆಕ್ಕದಲ್ಲಿ 10,000 ಟನ್. ಒಣ ಹಾರುಬೂದಿ ಸಿಮೆಂಟ್ ಕಾರ್ಖಾನೆಗೆ, ಇಟ್ಟಿಗೆಗೆ ಹೋಗುತ್ತದೆ. ಹೋಗದೆ ಉಳಿದದ್ದು ನೀರಿನ ಜೊತೆ ಹೊಂಡಕ್ಕೆ ಹರಿದು, ಬೇಸಿಗೆಯ ಗಾಳಿಗೆ ಸುತ್ತಲಿನ ಊರುಗಳ ಮೇಲೆ ಏಳುತ್ತದೆ.

ಹೊಸ ಸ್ಥಾವರ, ಹೊಸ ಕೆಲಸ

2024ರ ಮೇ 30ರಂದು ದೇಶದ ಬೇಡಿಕೆ 250 ಗಿಗಾವಾಟ್ ಮುಟ್ಟಿತು. 2031-32ರೊಳಗೆ ಕನಿಷ್ಠ 80 ಗಿಗಾವಾಟ್ ಕಲ್ಲಿದ್ದಲು ಸಾಮರ್ಥ್ಯ ಸೇರಿಸಬೇಕೆಂದು ಕೇಂದ್ರ ಯೋಜಿಸಿದೆ. 2025ರಲ್ಲಿ ಸ್ಥಾಪಿತ ಸಾಮರ್ಥ್ಯದ ಅರ್ಧ ಪಳೆಯುಳಿಕೆಯಲ್ಲದ ಮೂಲಗಳದ್ದಾಯಿತು. ಹಾಗಿದ್ದೂ ವರ್ಷವಿಡೀ ಹರಿಯುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದು, ಯಾಕೆಂದರೆ ಸೂರ್ಯ ಮುಳುಗಿದ ಮೇಲೂ ಬೇಡಿಕೆ ಇರುತ್ತದೆ.

ಪಾವಗಡದಂಥ ಸೌರ ಪಾರ್ಕ್‌ಗಳು ಹಗಲಿನಲ್ಲಿ ತುಂಬಿ ಹರಿಸುವಾಗ ಕಲ್ಲಿದ್ದಲು ಘಟಕ ಬಗ್ಗಬೇಕು, ಸಂಜೆ ಆರಕ್ಕೆ ಏಳಬೇಕು. ಘಟಕ ಬಗ್ಗಬೇಕಾದ ಈಗಿನ ಕನಿಷ್ಠ ಮಟ್ಟ ಅದರ ಸಾಮರ್ಥ್ಯದ ಶೇ 55. ಅದನ್ನು 2030ರ ಹೊತ್ತಿಗೆ ಹಂತ ಹಂತವಾಗಿ ಶೇ 40ಕ್ಕೆ ಇಳಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮ ಹೇಳುತ್ತದೆ. ಕಾಗದದ ಮೇಲೆ ಸುಲಭ. ತಗ್ಗು ಹೊರೆಯಲ್ಲಿ ಜ್ವಾಲೆ ಅಸ್ಥಿರ, ಯೂನಿಟ್‌ಗೆ ಕಲ್ಲಿದ್ದಲು ಹೆಚ್ಚು. ದಿನಕ್ಕೆರಡು ಬಾರಿ ಕಾದು ತಣಿಯುವ ದಪ್ಪ ಗೋಡೆಯ ಹೆಡರ್‌ಗಳಲ್ಲಿ (ಸಣ್ಣ ಕೊಳವೆಗಳು ಬಂದು ಸೇರುವ ದೊಡ್ಡ ಕೊಳವೆಗಳು) ಕೂದಲೆಳೆಯ ಬಿರುಕು ಬರುತ್ತದೆ. ಹಗಲಿಡೀ ಅರ್ಧ ಓಡುವ ಘಟಕದ ಸ್ಥಿರ ವೆಚ್ಚ ಅರ್ಧದಷ್ಟು ಯೂನಿಟ್‌ಗಳ ಮೇಲೆ ಬೀಳುತ್ತದೆ. ಹೊಸದಾಗಿ ಕಟ್ಟುವ ಸ್ಥಾವರಗಳ ವೆಚ್ಚವನ್ನು ಅಳೆಯುವಾಗ ಶೇ 85ರ ಓಟ ಹಿಡಿದು ಲೆಕ್ಕ ಹಾಕಿದರೆ ಅದು ತಪ್ಪು ಲೆಕ್ಕ. ಹೊಗೆಯ ಗಂಧಕ ತೆಗೆಯುವ ಎಫ್‌ಜಿಡಿ ಯಂತ್ರದ ವಿಚಾರದಲ್ಲಂತೂ 2015ರ ನಿಯಮವನ್ನು ಮುಂದೂಡಿ ಮುಂದೂಡಿ, 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿ ಕೊಟ್ಟರು. ದೇಶಿ ಕಲ್ಲಿದ್ದಲಿನಲ್ಲಿ ಗಂಧಕ ಶೇ 0.5ರ ಆಸುಪಾಸು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆಗಳಲ್ಲೊಂದು. ಆದರೆ ಸುಡುವ ಪ್ರಮಾಣವೇ ಇಷ್ಟಿರುವಾಗ ಆ ವಾದ ಅರ್ಧ ಮಾತ್ರ ಸರಿ.

ಸ್ಥಾವರದ ಸ್ಥಿತಿ ತಿಳಿಯಬೇಕೆನ್ನುವವರು ಕೇಂದ್ರ ವಿದ್ಯುತ್ ಪ್ರಾಧಿಕಾರ ದಿನವೂ ಪ್ರಕಟಿಸುವ ಕಲ್ಲಿದ್ದಲು ವರದಿ ನೋಡಬಹುದು. ಗಣಿಯಿಂದ ದೂರದ ಸ್ಥಾವರಕ್ಕೆ ತಿಂಗಳಿಗನುಗುಣವಾಗಿ 20ರಿಂದ 26 ದಿನ, ಗಣಿ ಬಾಯಿಯದಕ್ಕೆ 12ರಿಂದ 17 ದಿನದ ದಾಸ್ತಾನು ಇರಬೇಕು. ಈ ದಿನಗಳನ್ನು ಎಣಿಸುವುದು ಪೂರ್ಣ ಸಾಮರ್ಥ್ಯದ ಶೇ 85ರ ಓಟದ ಮೇಲೆ. ಇರಬೇಕಾದದ್ದರ ಶೇ 25ಕ್ಕಿಂತ ಕೆಳಗಿಳಿದರೆ ಹೆಸರಿನ ಮುಂದೆ ಅಪಾಯದ ಗುರುತು ಬೀಳುತ್ತದೆ. ದಾಸ್ತಾನಿನ ಅಂಕಿ ಒಂದನ್ನೇ ನೋಡಬೇಡಿ, ಆ ದಿನ ಬಂದದ್ದು ಮತ್ತು ಸುಟ್ಟದ್ದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಜುಲೈನಲ್ಲಿ ಐದು ದಿನದ ದಾಸ್ತಾನಿದ್ದು ಘಟಕಗಳು ನಿಂತಿದ್ದರೆ ಚಿಂತೆಯಿಲ್ಲ. ಫೆಬ್ರುವರಿಯಲ್ಲಿ ಎಂಟು ದಿನದ್ದಿದ್ದು, ಬರುವುದು ಐದು ರೇಕ್, ಸುಡುವುದು ಏಳು ಎಂದಿದ್ದರೆ ರಾಶಿ ದಿನಕ್ಕೆ ಎರಡು ರೇಕ್‌ನಂತೆ ಕರಗುತ್ತದೆ. ಒಂದು ತಿಂಗಳಲ್ಲಿ ಯಾರ್ಡ್ ಖಾಲಿ. ಆ ಕೊರತೆ ತುಂಬಲು ವಿನಿಮಯ ಕೇಂದ್ರದಿಂದ ಕೊಂಡ ವಿದ್ಯುತ್ತಿನ ಖರ್ಚು ಮನೆಯ ಬಿಲ್ಲಿನಲ್ಲಿ ಎಫ್‌ಪಿಪಿಸಿಎ (ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ) ಎಂಬ ಸಾಲಾಗಿ ಬರುತ್ತದೆ. ಗೃಹಜ್ಯೋತಿಯ ಶೂನ್ಯ ಬಿಲ್ ಬರುವವರಿಗೆ ಅದು ತಟ್ಟದಿರಬಹುದು, ಆ ಹಣ ರಾಜ್ಯದ ಬೊಕ್ಕಸದಿಂದ ಹೋಗುತ್ತದೆ.